ಒಂಬತ್ತು ಮುರಕಲ್ಲು ಇಟ್ಟರೆ ಕಲೆಯಾ? ಕಾಲಿಟ್ಟಲ್ಲಿ ಅಲೆ ಎದ್ದರೆ ಕಲೆಯಾ?

ಕುಡ್ಲದ ಮಳೆ:

ಕಳೆದ ಭಾನುವಾರ ಅಮ್ಮನ ಜೊತೆ ಮಂಗಳೂರಿನಲ್ಲಿ ಒಂದು ಕಲಾ ಪ್ರದರ್ಶನಕ್ಕೆ ಹೋಗಿದ್ದೆ. ಎರಡೇ ಕೋಣೆ. ಮೊದಲನೆಯದರಲ್ಲಿ ಬಿಳಿ ಗೋಡೆ, ನೆಲದ ಮೇಲೆ ಸಾಲಾಗಿ ಒಂಬತ್ತು ಮುರಕಲ್ಲು (ನಮ್ಮ ಕಡೆ ಮನೆ ಕಟ್ಟುವ ಕೆಂಪು ಕಲ್ಲು). ಬೇರೆ ಎಂತದೂ ಇಲ್ಲ. ಅಮ್ಮ ಒಂದು ಸುತ್ತು ಹಾಕಿ, "ನಮ್ಮ ಬಾವಿಕಟ್ಟೆ ಹತ್ತಿರ ಇದಕ್ಕಿಂತ ಜಾಸ್ತಿ ಉಂಟು, ನಾವೂ ಟಿಕೆಟ್ ಇಡುವನಾ?" ಎಂದರು. ನನಗೆ ನಗು ತಡೆಯಲಿಲ್ಲ. ಐದು ನಿಮಿಷದಲ್ಲಿ ಮುಂದೆ ಹೋದೆವು.

ಎರಡನೆಯ ಕೋಣೆ ಕತ್ತಲು. ಮೇಲಿನಿಂದ ಪ್ರೊಜೆಕ್ಟರ್ ಬೆಳಕು ಬಿದ್ದು ನೆಲವೆಲ್ಲ ನೀರಿನ ಹಾಗೆ ಕಾಣುತ್ತದೆ, ಕಾಲಿಟ್ಟಲ್ಲಿ ಅಲೆ ಏಳುತ್ತದೆ, ಗೋಡೆಗೆ ಕೈ ಇಟ್ಟರೆ ಬಣ್ಣ ಹರಡುತ್ತದೆ. ಮಕ್ಕಳ ಬೊಬ್ಬೆ, ದೊಡ್ಡವರ ರೀಲ್ಸ್. ನಾನೂ ಮುಕ್ಕಾಲು ಗಂಟೆ ಅಲ್ಲೇ ಕುಣಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ಮನೆಗೆ ಬಂದ ಮೇಲೆ ಕಣ್ಣಿಗೆ ಕಟ್ಟಿರುವುದು ಆ ಕಲ್ಲು ಮಾತ್ರ. ಮೂರನೆಯ ಕಲ್ಲಿನ ಒಂದು ಬದಿಯಲ್ಲಿ ಮೆಷಿನ್ ಕೊಯ್ದ ಗೆರೆ ನೇರವಾಗಿತ್ತು, ಇನ್ನೊಂದು ಬದಿ ಒರಟು, ಅದರ ತೂತಿನಿಂದ ಒಂದು ಇರುವೆ ಹೊರಗೆ ಬಂದು ಬಿಳಿ ಗೋಡೆಯ ಕಡೆ ಹೊರಟಿತ್ತು. ಮುರಕಲ್ಲಿನಲ್ಲಿ ಹಳದಿ, ನೇರಳೆ ಕೂಡ ಉಂಟು ಎಂದು ನಾನು ಮೊದಲ ಸಲ ನೋಡಿದ್ದು, ನಾನು ಹುಟ್ಟಿ ಬೆಳೆದ ಮನೆಯೇ ಆ ಕಲ್ಲಿನದ್ದಾದರೂ.

ಇನ್ನೊಂದು ತಮಾಷೆ. ಅಮ್ಮ ಕಲ್ಲಿನ ಮೇಲೆ ಕೈ ಇಟ್ಟು "ಇದು ಹೊಸತಾಗಿ ತೆಗೆದ ಕಲ್ಲು, ಇನ್ನೂ ಗಟ್ಟಿಯಾಗಿಲ್ಲ" ಎನ್ನುವಷ್ಟರಲ್ಲಿ ಅಲ್ಲಿದ್ದವರು ಓಡಿ ಬಂದು ಮುಟ್ಟಬಾರದು ಎಂದು ಗದರಿಸಿದರು. ಪಕ್ಕದ ಕೋಣೆಯಲ್ಲಿ ಬೋರ್ಡ್: ದಯವಿಟ್ಟು ಮುಟ್ಟಿ!

ನನ್ನ ಪ್ರಶ್ನೆ ಏನೆಂದರೆ, ಎರಡನೆಯದು ಮಾಲ್‌ನ ಆಟದ ಹಾಗೆ ಸುಮ್ನೆ ಮಜಾ ಅಷ್ಟೇನಾ? ಅಥವಾ ನನಗೇ ನೋಡಲು ಬರುವುದಿಲ್ಲವಾ?

ಹಂಚಿನ ಮನೆ:

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನನ್ನ ತಂದೆ ಹಂಚಿನ ಕಾರ್ಖಾನೆಯಲ್ಲಿದ್ದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕಿದ್ದು, ಸಾಲಾಗಿ ಜೋಡಿಸಿಡುವುದೇ ಕಲೆ ಆದರೆ ನಾವು ಆಗಿನಿಂದಲೂ ಕಲಾವಿದರೇ ಮಾರಾಯ್ರೆ.

ತಮಾಷೆ ಬಿಡಿ. ಕಾರ್ಲ್ ಆಂಡ್ರೆ ಎಂಬ ಅಮೆರಿಕದವ 1966ರಲ್ಲಿ 120 ಇಟ್ಟಿಗೆಗಳನ್ನು ಒಂದರ ಮೇಲೊಂದು ಎರಡು ವರಸೆಯಲ್ಲಿ ನೆಲದ ಮೇಲೆ ಇಟ್ಟ. ಆಮೇಲೆ 1969ರಲ್ಲಿ ಅದನ್ನೇ ಮತ್ತೆ ಮಾಡಿದಾಗ ಬಳಸಿದ್ದು, ಹಂಚು ಸುಡುವ ಗೂಡಿನ ಒಳಗೆ ಕಟ್ಟುತ್ತಾರಲ್ಲ, ಬೆಂಕಿ ತಡೆಯುವ ಇಟ್ಟಿಗೆ, ಅದೇ. ಸಿಮೆಂಟ್ ಇಲ್ಲ, ಗಾರೆ ಇಲ್ಲ. ಲಂಡನ್ನಿನ ಟೇಟ್ ಗ್ಯಾಲರಿ 1972ರಲ್ಲಿ ಅದನ್ನು ಕೊಂಡಿತು. 1976ರಲ್ಲಿ ಪೇಪರಿನವರಿಗೆ ಗೊತ್ತಾಗಿ ಜನರ ದುಡ್ಡು ಇಟ್ಟಿಗೆಗೆ ಸುರಿದರು ಎಂದು ದೊಡ್ಡ ಗಲಾಟೆ. ಒಬ್ಬ ಹೋಗಿ ಅದರ ಮೇಲೆ ನೀಲಿ ಬಣ್ಣ ಎರಚಿಯೇ ಬಿಟ್ಟ. ಸೆನ್ಸರ್ ಇಲ್ಲದ ಇಂಟರಾಕ್ಟಿವ್ (ನೋಡುವವರೂ ಕೈಹಾಕುವ) ಕಲೆ!

ನನಗೆ ಇವತ್ತಿಗೂ ಅದು ಪೂರ್ತಿ ಒಪ್ಪಿಗೆ ಇಲ್ಲ. ಇಟ್ಟವನ ಹೆಸರು ಗೋಡೆಯಲ್ಲಿ ಉಂಟು, ಕೊಯ್ದವನದ್ದು, ಸುಟ್ಟವನದ್ದು ಎಲ್ಲಿ?

ಕಾಪು ಲೈಟ್‌ಹೌಸ್:

ಅಕ್ಕ, ನಿಮಗೆ ನೋಡಲು ಬರುವುದಿಲ್ಲ ಎನ್ನಬೇಡಿ, ಇರುವೆಯನ್ನು ನೋಡಿದ್ದೀರಲ್ಲ. ನನಗೆ ಅನಿಸುವುದು, ನೀವು ಎರಡು ಬೇರೆ ಬೇರೆ ಜಾತಿ ಮಾಡಿಕೊಂಡದ್ದೇ ತೊಡಕು. 1967ರಲ್ಲಿ ಮೈಕೆಲ್ ಫ್ರೈಡ್ ಎಂಬ ವಿಮರ್ಶಕ ಬರೀ ಪೆಟ್ಟಿಗೆ, ಇಟ್ಟಿಗೆ ಇಟ್ಟು ಇದೇ ಕೃತಿ ಎನ್ನುವ ಈ ಮಿನಿಮಲಿಸ್ಟರನ್ನು ಬೈದದ್ದು ಯಾಕೆ ಗೊತ್ತಾ? ಇದು ನಾಟಕದ ಹಾಗೆ, ಎದುರಿಗೆ ನೋಡುವವನು ಬಂದು ನಿಂತರೆ ಮಾತ್ರ ಇದಕ್ಕೆ ಜೀವ ಎಂದು. ಬೈಗುಳವಾಗಿ ಹೇಳಿದ್ದು, ಆದರೆ ಮಾತು ಸರಿ. ಒಂಬತ್ತು ಕಲ್ಲಿನ ಸುತ್ತ ನೀವು ಎಷ್ಟು ನಿಧಾನ ನಡೆದಿರಿ, ಎಲ್ಲಿ ಬಗ್ಗಿದಿರಿ, ಅದೆಲ್ಲ ಆ ಕೃತಿಯೊಳಗಿನದೇ.

ಆ ಗುಂಪಿನ ರಾಬರ್ಟ್ ಮಾರಿಸ್ 1971ರಲ್ಲಿ ಅದೇ ಟೇಟ್‌ನಲ್ಲಿ ಪ್ಲೈವುಡ್ಡಿನ ಇಳಿಜಾರು, ತೊಲೆ, ಉರುಳೆ ಎಲ್ಲ ಇಟ್ಟು ಹತ್ತಿ, ಜಾರಿ, ನೂಕಿ ಎಂದ. ಜನರಿಗೆ ಹುಚ್ಚು ಹಿಡಿದು ಕೈಕಾಲು ಗಾಯ ಮಾಡಿಕೊಂಡರು, ವಾರ ತುಂಬುವ ಮೊದಲೇ ಮುಚ್ಚಬೇಕಾಯಿತು. 2009ರಲ್ಲಿ ಮತ್ತೆ ಕಟ್ಟಿದರು. ಒಂದು ಬಣ್ಣವಿಲ್ಲ, ಲೈಟಿಲ್ಲ, ಬರೀ ಹಲಗೆ.

ನನಗೆ ಎಲ್ಲಕ್ಕಿಂತ ಕಾಡಿದ್ದು ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಎಂಬ ಕಲಾವಿದ 1991ರಲ್ಲಿ ಮಾಡಿದ್ದು. ಕೋಣೆಯ ಮೂಲೆಯಲ್ಲಿ ಮಿಠಾಯಿ ರಾಶಿ, ಸುಮಾರು 79 ಕಿಲೋ. ಬಂದವರು ಒಂದೊಂದು ತೆಗೆದುಕೊಳ್ಳಬಹುದು. ರಾಶಿ ಕರಗುತ್ತದೆ, ಮತ್ತೆ ತುಂಬಿಸಬಹುದು. ಅವನ ಸಂಗಾತಿ ರಾಸ್ ಏಡ್ಸ್‌ನಿಂದ ತೀರಿಹೋದದ್ದು ಅದೇ ವರ್ಷ. ಆ 79 ಕಿಲೋ ಅಂದರೆ ರಾಸ್ ಗಟ್ಟಿಮುಟ್ಟಾಗಿದ್ದಾಗಿನ ತೂಕ ಎಂದು ಓದಿದರೆ ಬಾಯಲ್ಲಿರುವ ಮಿಠಾಯಿ ನುಂಗುವುದು ಹೇಗೆ? ಇದನ್ನು ಮಿನಿಮಲಿಸ್ಟ್ ಎನ್ನುತ್ತೀರಾ, ಇಂಟರಾಕ್ಟಿವ್ ಎನ್ನುತ್ತೀರಾ?

ವಯರ್ ಮತ್ತು ಸೋಲ್ಡರ್:

ಆ ಎರಡನೆಯ ಕೋಣೆಯಂಥದ್ದನ್ನು ಕಟ್ಟುವುದು ನನ್ನ ಹೊಟ್ಟೆಪಾಡು. (ನೀವು ನೋಡಿದ್ದು ನನ್ನದಲ್ಲ, ಬಚಾವ್.) ಮೇಲೆ ಒಂದು ಕ್ಯಾಮೆರಾ ಇರುತ್ತದೆ, ಅದು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಬಂದದ್ದನ್ನು ನೋಡಿ ಯಾವುದು ಎಷ್ಟು ದೂರ ಎಂದು ಲೆಕ್ಕ ಹಾಕುತ್ತದೆ. ಕೆಲವು ಕಪ್ಪು ಬಟ್ಟೆ ಆ ಬೆಳಕನ್ನು ನುಂಗಿಬಿಡುತ್ತದೆ, ಹಾಗಾಗಿ ಕಪ್ಪು ಪ್ಯಾಂಟ್ ಹಾಕಿ ಬಂದವರ ಕಾಲು ಕೆಲವೊಮ್ಮೆ ಸಿಗುವುದೇ ಇಲ್ಲ. ಪಾಪ, ನೀರಿನ ಮೇಲೆ ಭೂತದ ಹಾಗೆ ನಡೆಯುತ್ತಾರೆ, ಒಂದು ಅಲೆ ಏಳುವುದಿಲ್ಲ.

ಮಾಲ್‌ನ ಆಟ ಎಂದದ್ದು ಸ್ವಲ್ಪ ಚುಚ್ಚಿತು, ಆದರೆ ಪೂರ್ತಿ ತಪ್ಪೂ ಅಲ್ಲ. ನೀವು ಏನೋ ಮಾಡಿದಿರಿ ಎಂದುಕೊಳ್ಳುತ್ತೀರಿ, ಏನಾಗಬೇಕು ಎಂದು ನಾವು ಮೊದಲೇ ಬರೆದಿಟ್ಟಿರುತ್ತೇವೆ. ಒಮ್ಮೆ ನನ್ನ ಕೈ ತಪ್ಪಿ ಅಲೆ ಏಳುವುದು ಎರಡು ಸೆಕೆಂಡ್ ತಡವಾಗುವ ಹಾಗೆ ಸೆಟ್ ಆಗಿತ್ತು. ಮಕ್ಕಳು ಬೇಸರ ಬಂದು ಹೋದರು. ಉಳಿದವರು ಮಾತ್ರ ಒಂದು ಹೆಜ್ಜೆ ಇಟ್ಟು, ನಿಂತು, ಕಾದು, ಮತ್ತೊಂದು ಹೆಜ್ಜೆ. ಕೋಣೆಯಲ್ಲಿ ಮಾತೇ ನಿಂತಿತು. ನಾನು ಅದನ್ನು ಸರಿ ಮಾಡಲಿಲ್ಲ. ಕೊನೆಗೆ ದುಡ್ಡು ಕೊಟ್ಟವರು ಬಂದು ಸರಿ ಮಾಡಿಸಿದರು.

ಮಣಿಪಾಲ ಬಸ್ಸು:

ಒಂದು ಸಣ್ಣ ಮಾತು. ಕಡಿಮೆ ಇದ್ದದ್ದೆಲ್ಲ ಮಿನಿಮಲಿಸಂ ಅಲ್ಲ. ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ರೇಖೆಗಳನ್ನು ನೋಡಿ, ನಾಲ್ಕೈದು ಗೆರೆಯಲ್ಲಿ ಕುಣಿಯುವವಳು ಎದ್ದು ಬರುತ್ತಾಳೆ. ಗೆರೆ ಮಾಯ, ಹುಡುಗಿ ಉಳಿಯುತ್ತಾಳೆ. ಬರೋಡಾದಲ್ಲಿ ಪಾಠ ಮಾಡುತ್ತಿದ್ದ ನಸ್ರೀನ್ ಮೊಹಮ್ಮದಿ ಎಳೆದ ಗೆರೆ ಏನೂ ಆಗುವುದಿಲ್ಲ, ಗೆರೆಯಾಗಿಯೇ ಉಳಿಯುತ್ತದೆ. ಕಾಯಿಲೆಯಿಂದ ಕೈ ಹಿಡಿತ ತಪ್ಪುತ್ತಿದ್ದಾಗಲೂ, 1990ರಲ್ಲಿ ತೀರಿಕೊಳ್ಳುವ ತನಕ, ಅಷ್ಟು ಸಪೂರದ ನೇರ ಗೆರೆ ಎಳೆದರು. ನನಗೆ ಇಬ್ಬರೂ ಬೇಕು.

ಕುಡ್ಲದ ಮಳೆ:

ಎಲ್ಲರಿಗೂ ಥ್ಯಾಂಕ್ಸ್. ಹಂಚಿನ ಮನೆಯವರೇ, ಆ ಒಂಬತ್ತು ಕಲ್ಲು ಕೊಯ್ದವರು ಯಾರು ಎಂದು ಈ ಸಲ ಕೇಳುತ್ತೇನೆ, ಉತ್ತರ ಸಿಕ್ಕಿದರೆ ಇಲ್ಲೇ ಬರೆಯುತ್ತೇನೆ. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಮಿಠಾಯಿಯ ಕಥೆಗೆ ಸ್ವಲ್ಪ ಹೊತ್ತು ಸುಮ್ಮನಾದರು. ಕ್ಯಾಮೆರಾದ ಕಥೆ ಕೇಳಿ, "ಬರುವ ಭಾನುವಾರ ಕಪ್ಪು ಸೀರೆ ಉಟ್ಟು ಬರುತ್ತೇನೆ, ನನ್ನನ್ನು ಹಿಡಿಯುತ್ತದಾ ನೋಡುವ" ಎಂದಿದ್ದಾರೆ.