ಗ್ರೀಸಾ, ಗೇರ್ ಆಯಿಲಾ? ತರವಾಡು ಮನೆಯವರ ವಾಟ್ಸಾಪ್ ಗುಂಪಿನ ಜಗಳ

ಅಪ್ಪಚ್ಚಿ: (ವಿಡಿಯೋ) ಮಳೆಗಾಲಕ್ಕೆ ಮೊದಲು ನಮ್ಮ ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಕೆಲಸ ಮುಗಿಯಿತು. ಎದುರಿನ ಎರಡೂ ಚಕ್ರಕ್ಕೆ ಗ್ರೀಸ್ ಫುಲ್. ನಮ್ಮ ಮೆಕ್ಯಾನಿಕ್ ಕೈ ನೋಡಿ!

ಕುಂಬಳೆ ಅತ್ತೆ: ಅಪ್ಪಯ್ಯನ ಕಾರು ಎಷ್ಟು ಹೊಳೆಯುತ್ತಾ ಉಂಟು 👌

ನಾನು: ಅಪ್ಪಚ್ಚಿ, ಗ್ರೀಸ್ ಗನ್ ಇಟ್ಟದ್ದು ಕೆಳಗಿನ ಟ್ರನಿಯನ್‌ಗಾ, ಎಂದರೆ ಚಕ್ರದ ಹತ್ತಿರದ ಆ ಹಿತ್ತಾಳೆ ತುಂಡಿಗಾ?

ಅಪ್ಪಚ್ಚಿ: ಹೌದು. ಅಲ್ಲಿ ಪ್ಲಗ್ ಇತ್ತು. ತೆಗೆದು ನಿಪ್ಪಲ್ ಹಾಕಿ ಹೊಡೆದದ್ದು.

ನಾನು: ಅಲ್ಲಿಗೆ ಗ್ರೀಸ್ ಅಲ್ಲ. ಗೇರ್ ಆಯಿಲ್, ಇಪಿ 90. ಟ್ರಯಂಫ್ ಕಂಪೆನಿಯ ಕೈಪಿಡಿಯಲ್ಲೇ ಉಂಟು, 6000 ಮೈಲಿಗೊಮ್ಮೆ ಎಣ್ಣೆ ತುಂಬಿ ಎಂದು.

ಅಪ್ಪಚ್ಚಿ: ಶುರುವಾಯಿತು ಇವನದ್ದು. ಇದೇ ಮೆಕ್ಯಾನಿಕ್ ಮದ್ರಾಸಿನ ಹೆರಾಲ್ಡ್ ಕಾರುಗಳಿಗೆ ವರ್ಷಗಟ್ಟಲೆ ಗ್ರೀಸ್ ಹೊಡೆದವರು. ಎರಡಕ್ಕೂ ಮುಂದಿನ ಸಸ್ಪೆನ್ಷನ್ ಒಂದೇ ಎಂದು ಹೇಳಿದ್ದು ನೀನೇ ಅಲ್ವಾ?

ನಾನು: ಹೌದು, ಒಂದೇ ಮನೆತನ. ಹೆರಾಲ್ಡ್ ಚಾಸಿಯನ್ನೇ ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ತಂದರು. ಎರಡರ ಚಂದವೂ ಇಟಲಿಯ ಡಿಸೈನರ್ ಮಿಕೆಲೊಟ್ಟಿಯದ್ದು. ಅದಕ್ಕೇ ಹೇಳುವುದು, ಹೆರಾಲ್ಡ್‌ಗೂ ಎಣ್ಣೆಯೇ ಬೇಕಿತ್ತು. ಅಂಬಾಸಡರ್ ಅಭ್ಯಾಸದಲ್ಲಿ ಎಲ್ಲ ಗಾಡಿಗೂ ಗ್ರೀಸ್ ಹೊಡೆದರು, ಅಷ್ಟೆ.

ದೊಡ್ಡ ಭಾವ: ಎರಡೂ ಜಿಡ್ಡೇ ಅಲ್ವಾ? ಎಂತ ವ್ಯತ್ಯಾಸ?

ನಾನು: ಆ ಜಾಗದಲ್ಲಿ ಬೇರಿಂಗ್ ಇಲ್ಲ ಭಾವ. ಹಿತ್ತಾಳೆಯ ಟ್ರನಿಯನ್ ಒಳಗೆ ಉಕ್ಕಿನ ವರ್ಟಿಕಲ್ ಲಿಂಕ್, ಎಂದರೆ ಚಕ್ರ ಹೊತ್ತ ನೆಟ್ಟಗಿನ ತುಂಡು, ಕೂತಿರುತ್ತದೆ, ಬೋಲ್ಟಿನ ಹಾಗೆ ಥ್ರೆಡ್ ಮೇಲೆ. ಸ್ಟೇರಿಂಗ್ ತಿರುಗಿಸಿದಾಗೆಲ್ಲ ಆ ಥ್ರೆಡ್ ತಿರುಗುತ್ತದೆ. ಎಣ್ಣೆಯಾದರೆ ಸಂದಿಗೆಲ್ಲ ಇಳಿಯುತ್ತದೆ. ಗ್ರೀಸ್ ಬಾಯಲ್ಲೇ ನಿಂತು ಗಟ್ಟಿಯಾಗುತ್ತದೆ, ಒಳಗೆ ಒಣ ಒಣ. ನಮ್ಮ ಮಳೆಯ ನೀರು ಸೇರಿದರೆ ಮುಗಿಯಿತು. ಉಕ್ಕಿಗೆ ತುಕ್ಕು, ಆಮೇಲೆ ಬಿರುಕು. ಒಂದು ದಿನ ಲಿಂಕ್ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ಹೆಚ್ಚಾಗಿ ಹಾಗೆ ಆಗುವುದು ನಿಧಾನ ಹೋಗುವಾಗ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ. ಪೆರ್ಲದ ಇಳಿಜಾರಿನಲ್ಲಿ ಆಗುವುದಿಲ್ಲ ಎಂದು ಯಾರು ಹೇಳಬೇಕು?

ಬೆಂಗಳೂರಕ್ಕ: ಮಾರಿಬಿಡಿ ಅಂತ ಹೋದ ವರ್ಷವೇ ಹೇಳಿದ್ದೆ. ಒಂದು ಕಾರು, ನಾಲ್ಕು ಪಾಲು. ಇಲ್ಲದಿದ್ದರೆ ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿ. 50 ವರ್ಷ ದಾಟಿದೆ. 20,000 ರೂಪಾಯಿ ಕಟ್ಟಿದರೆ 10 ವರ್ಷ ತಲೆಬಿಸಿ ಇಲ್ಲ.

ನಾನು: 2021ರ ನಿಯಮ ಅದು ಅಕ್ಕ. ವಿಎ ನಂಬರ್ ಸಿಕ್ಕಿದರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಅಪ್ಪಚ್ಚಿಗೆ ಬೇಕಾದಾಗ ಬೇಕಲಕ್ಕೆ ಹೋಗಬೇಕು.

ಅಪ್ಪಚ್ಚಿ: ಮಾರುವ ಮಾತು ಈ ಗುಂಪಿನಲ್ಲಿ ಬೇಡ. ಅಪ್ಪಯ್ಯ ಬೊಂಬಾಯಿಯಿಂದ ಓಡಿಸಿಕೊಂಡು ತಂದ ಗಾಡಿ ಅದು.

ದೊಡ್ಡ ಭಾವ: ಈಗಿನ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಅದಕ್ಕೆ ಆಗುತ್ತದಾ?

ನಾನು: ಹಳೆಯ ರಬ್ಬರ್ ಪೈಪುಗಳು ಎಥನಾಲ್‌ಗೆ ಹಾಳಾಗುತ್ತವೆ, ಬದಲಿಸಬೇಕು. ಅದು ಇನ್ನೊಂದು ದಿನದ ಜಗಳ.

ಕುಂಬಳೆ ಅತ್ತೆ: ಕಾರಿನ ಹಿಂದೆ ಆ ನೀಲಿ ಬಣ್ಣ ಮೆತ್ತಿದ ಡ್ರಮ್ ಎಂತದ್ದು?

ಅಪ್ಪಚ್ಚಿ: ಮೈಲುತುತ್ತು ಅಕ್ಕ. ಅಡಿಕೆಗೆ ಮದ್ದು ಬಿಡಲಿಕ್ಕೆ.

ನಾನು: ಅದನ್ನು ಇವತ್ತೇ ಬೇರೆ ಕಡೆ ಇಡಿ. ಮೈಲುತುತ್ತಿನ ನೀರು ಕಬ್ಬಿಣವನ್ನು ತಿಂದುಹಾಕುತ್ತದೆ. ಇನ್ನೊಂದು, ವಿಡಿಯೋದಲ್ಲಿ ಕಾರು ಎತ್ತಿ ನಿಲ್ಲಿಸಲಿಕ್ಕೆ ಎಡಬದಿಗೆ ಕೆಂಪುಕಲ್ಲು ಕೊಟ್ಟಿದ್ದಾರೆ. ಗೋಡೆಗೆ ಸರಿ, ಕಾರಿನ ಅಡಿಗೆ ಬೇಡವೇ ಬೇಡ. ಕಲ್ಲು ಪುಡಿಯಾದರೆ ಕೆಳಗೆ ಮನುಷ್ಯರಿರುತ್ತಾರೆ. ಸ್ಟ್ಯಾಂಡ್ ನಾನು ತರುತ್ತೇನೆ.

ದೊಡ್ಡ ಭಾವ: ಗ್ರೀಸ್ ಹೊಡೆದಾಗಿದೆ. ಈಗ ಅದರ ಮೇಲೆಯೇ ಎಣ್ಣೆ ಬಿಟ್ಟರೆ ಸಾಕಲ್ವಾ?

ನಾನು: ಸಾಲದು. ದಾರಿ ಕಟ್ಟಿದೆಯಲ್ಲ. ಟ್ರನಿಯನ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಥ್ರೆಡ್ ನೋಡಬೇಕು. ತುಕ್ಕಿನ ಗುಂಡಿಯೋ ಸಣ್ಣ ಬಿರುಕೋ ಕಂಡರೆ ಲಿಂಕ್ ಹೊಸದೇ ಆಗಬೇಕು. ಪುನಃ ಜೋಡಿಸುವಾಗ ಕೊನೆಯವರೆಗೆ ತಿರುಗಿಸಿ, ಸ್ವಲ್ಪ ಹಿಂದಕ್ಕೆ ಬಿಡಬೇಕು. ಇಲ್ಲದಿದ್ದರೆ ಚಕ್ರ ಎರಡೂ ಬದಿಗೆ ಪೂರ್ತಿ ತಿರುಗುವುದಿಲ್ಲ. ಈ ಗಾಡಿಯಲ್ಲಿ ಒಂದು ಸುಖ ಉಂಟು. ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತದೆ. ಬೇರೆ ಯಾವ ಕಾರಿನಲ್ಲಿ ಇಷ್ಟು ಆರಾಮಾಗಿ ಕೈ ಹಾಕಬಹುದು?

ಅಪ್ಪಚ್ಚಿ: ಬಿಚ್ಚಿ ಎಂದರೆ ಮೆಕ್ಯಾನಿಕ್‌ಗೆ ಬೇಜಾರಾಗುತ್ತದೆ. ನೀನು ಓದಿ ತಿಳಿದದ್ದು, ಅವರು ಮಾಡಿ ತಿಳಿದದ್ದು.

ನಾನು: ಅವರೇ ಬಿಚ್ಚಲಿ. ಅವರ ಕೈಯ ಬಗ್ಗೆ ನನ್ನ ತಕರಾರಿಲ್ಲ. ಗನ್ ಒಳಗಿನ ಮಾಲಿನ ಬಗ್ಗೆ ಮಾತ್ರ.

ಬೆಂಗಳೂರಕ್ಕ: ಖರ್ಚು ಹೇಳಿ ಮೊದಲು.

ನಾನು: ಎಣ್ಣೆ ಒಂದು ಲೀಟರ್ ಧಾರಾಳ. ಕಾಸರಗೋಡಿನಲ್ಲೇ ಸಿಗುತ್ತದೆ. ಲಿಂಕ್ ಬೇಕಾದರೆ ಇಂಗ್ಲೆಂಡಿನಿಂದ ತರಿಸಬೇಕು. ಅದು ನಾಲ್ಕು ಪಾಲಿನಲ್ಲಿ.

ಬೆಂಗಳೂರಕ್ಕ: ನನ್ನ ಪಾಲು ಮಾರಾಟಕ್ಕುಂಟು 😄

ಅಪ್ಪಚ್ಚಿ: ಅವಳನ್ನು ಬಿಡು. ಭಾನುವಾರ ಬಾ, ಮೆಕ್ಯಾನಿಕ್ ಹತ್ತಿರ ನಾನು ಮಾತಾಡುತ್ತೇನೆ. ಎಣ್ಣೆ ನಿನ್ನದು. ಗನ್ ನನ್ನದೇ, ಆದರೆ ಅದರಲ್ಲಿ ಎಣ್ಣೆ ತುಂಬುವ ಮೊದಲು ಗ್ರೀಸೆಲ್ಲ ತೆಗೆದು ತೊಳೆಯುವವ ನೀನು. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ತೊಳೆದು ಕೊಡಬೇಕು. ತೋಟದ ಪಂಪಿಗೂ ಅದೇ ಇರುವುದು.