ನೀರಿನ ಮೇಲೆಲ್ಲ ಮೀನು, ಗಾಳಕ್ಕೆ ಒಂದೂ ಇಲ್ಲ. ಏನು ಮಾಡಲಿ?

ಬೆಂಡುನೋಟ
ತಲೆ ಕೆಟ್ಟುಹೋಗಿದೆ. ಮೀನೇ ಇಲ್ಲದ ಕೆರೆಯಾಗಿದ್ದರೆ ಸುಮ್ಮನೆ ಕೋಲು ಮಡಚಿಕೊಂಡು ಬರುತ್ತಿದ್ದೆ. ಇಲ್ಲಿ ಮೀನುಗಳು ಕಣ್ಣಿಗೆ ಕಾಣುತ್ತಿವೆ! ದೊಡ್ಡ ದೊಡ್ಡ ಗೆಂಡೆಗಳು, ನಡುವೆ ತಿಲಾಪಿಯಾದ ಗುಂಪು, ಎಲ್ಲವೂ ಮೇಲೆಯೇ ಸುತ್ತಾಡುತ್ತವೆ. ಎರೆ ಮೂತಿಯ ಮುಂದೆಯೇ ಬಿದ್ದರೂ ತಿರುಗಿ ನೋಡುವುದಿಲ್ಲ. ಬೆಂಡು ಮೊಳೆ ಹೊಡೆದ ಹಾಗೆ ನಿಂತಿರುತ್ತದೆ. ಮೊನ್ನೆ ಮೊನ್ನೆಯವರೆಗೂ ಇದೇ ಜಾಗದಲ್ಲಿ, ಇದೇ ಕೋಲಿಗೆ ಕೈತುಂಬಾ ಕೆಲಸವಿತ್ತು. ಎರೆ ಬದಲಿಸಿದೆ, ಗಾಳವನ್ನು ಚಿಕ್ಕದು ಮಾಡಿದೆ, ಸೀಸವನ್ನು ಕಡಿಮೆ ಮಾಡಿದೆ. ಏನೂ ಉಪಯೋಗವಿಲ್ಲ. ಉಳಿದದ್ದೆಲ್ಲ ಮಾಮೂಲು. ಕಾರಣ ಗೊತ್ತಿದ್ದವರು ಹೇಳಿ. "ತಾಳ್ಮೆ ಇರಲಿ" ಎಂದು ಮಾತ್ರ ಯಾರೂ ಬರೆಯಬೇಡಿ.

ಸೀಸದಗುಂಡು
ದಾರ ಯಾವುದು? "ಮಾಮೂಲು" ಎಂದರೆ ನಮಗೆ ಏನು ತಿಳಿಯಬೇಕು?

ಬೆಂಡುನೋಟ
ಬ್ರೇಡ್, ಅಂದರೆ ಹೆಣೆದ ದಾರ; ತುದಿಗೆ, ಗಾಳದ ಕಡೆಗೆ, ನೈಲಾನ್ ಲೀಡರ್ ಎಂಬ ತುಂಡುದಾರ. ದಾರ ಮೊದಲಿನಿಂದಲೂ ಅದೇ. ದಾರದ ಸಮಸ್ಯೆ ಅಲ್ಲ.

ಸೀಸದಗುಂಡು
ದಾರದ ಸಮಸ್ಯೆಯೇ. ಮೇಲ್ಮಟ್ಟದಲ್ಲಿರುವ ಮೀನಿಗೆ ಬೆಳಕು ಚೆನ್ನಾಗಿರುತ್ತದೆ, ಲೀಡರ್ ಎದ್ದು ಕಾಣುತ್ತದೆ. ನೀರಿನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಅಳತೆ) 1.33, ಫ್ಲೋರೋಕಾರ್ಬನ್ ಎಂಬ ಬಗೆಯ ದಾರದ್ದು 1.42, ನೈಲಾನ್‌ನದು 1.53ರ ಆಸುಪಾಸು. ನೀರಿನ ಅಂಕಕ್ಕೆ ಹತ್ತಿರವಾದಷ್ಟೂ ದಾರ ಕಣ್ಣಿಗೆ ಬೀಳುವುದು ಕಡಿಮೆ. ನಾಳೆಯೇ ಫ್ಲೋರೋಕಾರ್ಬನ್ ಕಟ್ಟಿ ನೋಡಿ.

ಪಾದರಸ
ದಾರವೂ ಅಲ್ಲ, ಎರೆಯೂ ಅಲ್ಲ. ವಾಯುಭಾರ ಬಿದ್ದಿದೆ, ಅಷ್ಟೇ. ಮೊಬೈಲಿನಲ್ಲಿ ಹವಾಮಾನದ ಆ್ಯಪ್ ತೆರೆದು ನೋಡಿ. ಅಂಕಿ 1010 ಹೆಕ್ಟೊಪ್ಯಾಸ್ಕಲ್‌ಗಿಂತ ಕೆಳಕ್ಕೆ ಜಾರುತ್ತಿದ್ದರೆ ಕೋಲನ್ನು ಹೊರಗೆ ತೆಗೆಯುವುದೇ ದಂಡ. ಒತ್ತಡ ಇಳಿದಾಗ ಮೀನಿನ ಗಾಳಿಚೀಲ ಉಬ್ಬುತ್ತದೆ. ಉಬ್ಬಿದ ಚೀಲ ಹೊಟ್ಟೆಯನ್ನು ಒತ್ತುತ್ತದೆ. ಹೊಟ್ಟೆ ಒತ್ತಿದಾಗ ಯಾರು ತಿನ್ನುತ್ತಾರೆ? ಮೇಲೆ ಬಂದು ತೇಲುತ್ತಿವೆ ಎನ್ನುವುದೇ ಸಾಕ್ಷಿ.

ನೀರುಕಾಗೆ
ಬೆಂಡುನೋಟ ಅವರೇ, ಹೋಗುವುದು ಯಾವ ಹೊತ್ತಿಗೆ? ನೀರಿನ ಬಣ್ಣ ಹೇಗಿದೆ? ಮೀನುಗಳು ಮೇಲೆ ನಿಖರವಾಗಿ ಏನು ಮಾಡುತ್ತಿವೆ: ನೆಗೆಯುತ್ತಿವೆಯೇ, ಹೊರಳುತ್ತಿವೆಯೇ, ಬಾಯಿ ಆಡಿಸುತ್ತಿವೆಯೇ?

ಬೆಂಡುನೋಟ
@ಪಾದರಸ ಆ್ಯಪ್ ನೋಡಿದೆ, 1006 ತೋರಿಸುತ್ತಿದೆ! ಹಾಗಾದರೆ ಇದು ಯಾವಾಗ ಏರುತ್ತದೆ?

ಪಾದರಸ
ನೋಡಿದಿರಾ? ನಾನು ಹೇಳಲಿಲ್ಲವೇ? ಏರುವವರೆಗೆ ಮನೆಯಲ್ಲಿರಿ.

ಈಜುರೆಕ್ಕೆ
ಪಾದರಸ ಅವರು ಪ್ರತಿ ಚರ್ಚೆಯಲ್ಲೂ ಇದೇ ಔಷಧ ಬರೆದುಕೊಡುತ್ತಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ಸಮುದ್ರಮಟ್ಟದಲ್ಲಿ ವಾಯುಭಾರ ಸರಾಸರಿ 1013 ಹೆಕ್ಟೊಪ್ಯಾಸ್ಕಲ್. ನೀರಿನಲ್ಲಿ 10 ಮೀಟರ್ ಕೆಳಗಿಳಿದರೆ ಅಷ್ಟೇ ಒತ್ತಡ ಇನ್ನೊಮ್ಮೆ ಸೇರುತ್ತದೆ. ಅಂದರೆ 1 ಹೆಕ್ಟೊಪ್ಯಾಸ್ಕಲ್ ಎಂದರೆ ಸುಮಾರು 1 ಸೆಂಟಿಮೀಟರ್ ನೀರು. 1013ರಿಂದ 1006ಕ್ಕೆ ಇಳಿದಿದ್ದರೆ ಆ ಗೆಂಡೆಗೆ ಆದ ವ್ಯತ್ಯಾಸ, ಅದು ಏಳು ಸೆಂಟಿಮೀಟರ್ ಮೇಲೆ ಬಂದಾಗ ಆಗುವಷ್ಟು. ಗೆಂಡೆಯ ಬೆನ್ನಿನ ಎತ್ತರವೇ ಅದಕ್ಕಿಂತ ಹೆಚ್ಚು. ಆಹಾರಕ್ಕಾಗಿ ತಳಕ್ಕೂ ಮೇಲಕ್ಕೂ ಓಡಾಡುವಾಗ ಇದರ ಎಷ್ಟೋ ಪಟ್ಟು ಒತ್ತಡದ ಏರಿಳಿತವನ್ನು ಅದು ದಿನವಿಡೀ ಅನುಭವಿಸುತ್ತದೆ. ಮೇಲಾಗಿ ಗೆಂಡೆಯ ಗಾಳಿಚೀಲಕ್ಕೂ ಅನ್ನನಾಳಕ್ಕೂ ನಡುವೆ ಕೊಳವೆ ಇದೆ. ಗಾಳಿ ಹೆಚ್ಚಾದರೆ ಬಾಯಿಯಿಂದ ಬಿಟ್ಟುಬಿಡುತ್ತದೆ. ತಿಲಾಪಿಯಾಕ್ಕೆ ಆ ಕೊಳವೆ ಇಲ್ಲ, ಅದು ರಕ್ತದ ಮೂಲಕ ನಿಧಾನವಾಗಿ ಸರಿದೂಗಿಸಿಕೊಳ್ಳಬೇಕು. ಚೀಲವೇ ಕಾರಣವಾಗಿದ್ದರೆ ಎರಡೂ ಒಂದೇ ರೀತಿ ವರ್ತಿಸುವುದು ಹೇಗೆ?

ಪಾದರಸ
ಲೆಕ್ಕ ಪುಸ್ತಕದಲ್ಲಿ ಸರಿ, ದಂಡೆಯಲ್ಲಿ ಅಲ್ಲ. ಗೆಂಡೆಯ ಗಾಳಿಚೀಲದಿಂದ ಒಳಗಿವಿಗೆ ಪುಟ್ಟ ಎಲುಬುಗಳ ಸರಪಳಿಯೇ ಇದೆ, ಗೊತ್ತಿರಲಿ. ವೆಬರ್ ಎಂಬ ವಿಜ್ಞಾನಿ 1820ರಲ್ಲೇ ವಿವರಿಸಿದ್ದಾನೆ. ಒತ್ತಡವನ್ನು ಗ್ರಹಿಸಲು ಅಲ್ಲದಿದ್ದರೆ ಅದು ಯಾತಕ್ಕೆ?

ಈಜುರೆಕ್ಕೆ
ಶಬ್ದ ಕೇಳಲು, ಸ್ವಾಮಿ. ಅದು ಗ್ರಹಿಸುವುದು ಕ್ಷಣಕ್ಷಣಕ್ಕೂ ಕಂಪಿಸುವ ಒತ್ತಡವನ್ನು, ದಿನವಿಡೀ ನಿಧಾನವಾಗಿ ಇಳಿಯುವ ವಾಯುಭಾರವನ್ನಲ್ಲ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಯಲ್ಲಿನ ವೇಗದ ನಾಲ್ಕು ಪಟ್ಟಿಗೂ ಹೆಚ್ಚು. ದಂಡೆಯ ಮೇಲೆ ಡಬ್ಬಿ ಕುಕ್ಕಿದರೆ ಗೆಂಡೆ ದೂರ ಸರಿಯುವುದು ಆ ಎಲುಬುಗಳ ಕೃಪೆಯಿಂದ. ವಾಯುಭಾರ ಇಳಿದಾಗ ಮೋಡ ಬರುತ್ತದೆ, ಗಾಳಿ ಬದಲಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ. ಇವೆಲ್ಲ ಮೀನಿಗೆ ಮುಖ್ಯವೇ. ಹಾಗಿದ್ದರೆ ಮೋಡ ಎನ್ನಿ, ಗಾಳಿ ಎನ್ನಿ. ಹೆಕ್ಟೊಪ್ಯಾಸ್ಕಲ್ ಏಕೆ?

ಹಳೆಗಾಳ
ಇಬ್ಬರೂ ಜಗಳ ನಿಲ್ಲಿಸಿ. ಇಂಥ ಮೀನಿಗೆ ಬೇಕಾದದ್ದು ಸೂಕ್ಷ್ಮವಾದ ಕೋಲು. ನನ್ನ ಬಳಿ ಹನ್ನೆರಡು ಅಡಿಯ ಕಾರ್ಬನ್ ಕೋಲು ಇದೆ. ಅದಕ್ಕೆ ಹನ್ನೊಂದು ಬೇರಿಂಗ್‌ಗಳ ರೀಲ್, ಮೀನು ಕಚ್ಚಿದರೆ ಕೂಗುವ ಅಲಾರಂ, ರಾತ್ರಿಗೆ ಹೊಳೆಯುವ ಬೆಂಡು. ಮೀನು ಉಸಿರಾಡಿದರೂ ತುದಿಯಲ್ಲಿ ಗೊತ್ತಾಗುತ್ತದೆ. ಚಿತ್ರ ಬೇಕಿದ್ದರೆ ಹಾಕುತ್ತೇನೆ.

ಸೀಸದಗುಂಡು
ಬೇರಿಂಗ್ ಎಷ್ಟಿವೆ ಎನ್ನುವುದಕ್ಕಿಂತ ಅವು ಯಾವ ಗುಣಮಟ್ಟದವು ಎನ್ನುವುದು ಮುಖ್ಯ. ನಾಲ್ಕು ಒಳ್ಳೆಯ ಬೇರಿಂಗ್ ಇರುವ ರೀಲ್, ಹನ್ನೊಂದು ಕಳಪೆ ಬೇರಿಂಗ್ ಇರುವ ರೀಲಿಗಿಂತ ಹಗುರವಾಗಿ ತಿರುಗುತ್ತದೆ. ಇನ್ನು ಕಾರ್ಬನ್ ಕೋಲು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಗುಡುಗು ಕೇಳಿಸಿದರೆ ಹನ್ನೆರಡು ಅಡಿಯನ್ನು ಆಕಾಶಕ್ಕೆ ಎತ್ತಿ ನಿಲ್ಲಬೇಡಿ.

ಹಳೆಗಾಳ
ಕಳಪೆ ಎಂದು ನಿಮಗೆ ಯಾರು ಹೇಳಿದರು?

ನೀರುಕಾಗೆ
ನನ್ನ ಪ್ರಶ್ನೆಗಳು ಹಾಗೆಯೇ ಉಳಿದಿವೆ. ಹೊತ್ತು, ಬಣ್ಣ, ಬಾಯಿ.

ಬೆಂಡುನೋಟ
ಹೊತ್ತು ಎಂದರೆ ಬೆಳಗಿನ ಜಾವ, ಇನ್ನೇನು? ಮೀನು ಹಿಡಿಯುವವರು ಬೇರೆ ಯಾವಾಗ ಹೋಗುತ್ತಾರೆ? ಬೆಳಕು ಹರಿಯುವ ಮೊದಲೇ ದಂಡೆಯಲ್ಲಿರುತ್ತೇನೆ, ಬಿಸಿಲು ಏರಿದ ಮೇಲೆ ಹೊರಡುತ್ತೇನೆ. ಆ ಹೊತ್ತಿಗೆ ಮೀನುಗಳೂ ಕೆಳಗೆ ಇಳಿದುಬಿಟ್ಟಿರುತ್ತವೆ. ನೀರು ಹಸಿರು. ಮೊದಲು ತಿಳಿಯಾಗಿತ್ತು, ಈಗ ಕೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಆಳ ಎದೆಮಟ್ಟ. ಈ ವಾರ ಪೂರ್ತಿ ಮೋಡ, ಎಲೆ ಅಲ್ಲಾಡದಷ್ಟು ಸೆಕೆ. ಮೀನು ನೆಗೆಯುವುದಿಲ್ಲ, ಮೂತಿಯನ್ನು ಮೇಲಿಟ್ಟು ಬಾಯಿ ತೆರೆದು ಮುಚ್ಚಿ ಮಾಡುತ್ತವೆ. ಅದು ತಿನ್ನುವುದಲ್ಲವೇ? ಹಾಗಾಗಿಯೇ ಹಿಟ್ಟಿನ ಉಂಡೆಗಳನ್ನು ಚೆನ್ನಾಗಿ ಎರಚುತ್ತಿದ್ದೇನೆ.

ನೀರುಕಾಗೆ
ಅದು ತಿನ್ನುವುದಲ್ಲ, ಉಸಿರಿಗೆ ಒದ್ದಾಡುವುದು. ಉಂಡೆ ಎರಚುವುದನ್ನು ಮೊದಲು ನಿಲ್ಲಿಸಿ.

ನೀರಿನಲ್ಲಿ ಕರಗುವ ಆಮ್ಲಜನಕವೇ ಬಹಳ ಕಡಿಮೆ. ತಣ್ಣಗಿದ್ದಷ್ಟೂ ಹೆಚ್ಚು ಹಿಡಿಯುತ್ತದೆ: ಸಿಹಿನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ 14.6 ಮಿಲಿಗ್ರಾಂ, 20 ಡಿಗ್ರಿಯಲ್ಲಿ 9.1, 30 ಡಿಗ್ರಿಯಲ್ಲಿ 7.6. ಇದು ಗರಿಷ್ಠ ಮಿತಿ. ನೀರು ಹಸಿರಾಗಿದೆ ಎಂದರೆ ಸೂಕ್ಷ್ಮ ಪಾಚಿ ತುಂಬಿದೆ. ಹಗಲಲ್ಲಿ ಬಿಸಿಲಿದ್ದರೆ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ, ತಳದ ಕೊಳೆಯೂ ಎಳೆದುಕೊಳ್ಳುತ್ತದೆ. ಹೀಗೆ ರಾತ್ರಿಯಿಡೀ ಖರ್ಚು, ಆದಾಯವಿಲ್ಲ. ಆಮ್ಲಜನಕ ಅತ್ಯಂತ ಕಡಿಮೆ ಇರುವ ಹೊತ್ತು ಸೂರ್ಯೋದಯದ ಆಸುಪಾಸು, ಅಂದರೆ ನೀವು ದಂಡೆಯಲ್ಲಿರುವ ಹೊತ್ತು. ಮೋಡದಿಂದಾಗಿ ಹಗಲಿನ ಗಳಿಕೆಯೂ ಕಡಿಮೆ. ಗಾಳಿ ಬೀಸಿದ್ದರೆ ನೀರು ಕಲಕಿ ಮೇಲಿನಿಂದ ಸ್ವಲ್ಪ ಸೇರುತ್ತಿತ್ತು, ಅದೂ ಇಲ್ಲ. ನಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಆದ್ದರಿಂದ ಉಸಿರಾಡಲು ಯೋಗ್ಯವಾಗಿ ಉಳಿದದ್ದು ಮೇಲಿನ ತೆಳುವಾದ ಪದರ ಮಾತ್ರ. ಮೂತಿಗಳೆಲ್ಲ ಅಲ್ಲಿಗೇ ಬಂದಿವೆ.

ಈ ಸ್ಥಿತಿಯಲ್ಲಿ ಮೀನು ಏಕೆ ತಿನ್ನುವುದಿಲ್ಲ ಎಂದರೆ, ಜೀರ್ಣಿಸಿಕೊಳ್ಳುವುದಕ್ಕೂ ಆಮ್ಲಜನಕ ಬೇಕು. ಬೆಚ್ಚನೆಯ ನೀರಿನ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂಗಿಂತ ಮೇಲಿದ್ದರೆ ನೆಮ್ಮದಿ, 3ಕ್ಕಿಂತ ಕೆಳಗೆ ಹೋದರೆ ತಿನ್ನುವ ಆಸೆಯೇ ಇರುವುದಿಲ್ಲ. ನೀವು ಎರಚಿದ ಉಂಡೆಗಳು ತಳದಲ್ಲಿ ಕೊಳೆತು, ಇರುವ ಆಮ್ಲಜನಕವನ್ನೂ ನುಂಗುತ್ತವೆ.

ಇನ್ನೊಂದು ಮಾತು: ಬಾಯಿ ಆಡಿಸುವ ಮೀನುಗಳ ನಡುವೆ ಗಾಳ ಹಾಕುವುದೇ ತಪ್ಪು. ದಾರದ ತುದಿಯಲ್ಲಿ ಸೆಣಸಿದ ಮೀನು ಸುಧಾರಿಸಿಕೊಳ್ಳಲು ಇನ್ನಷ್ಟು ಆಮ್ಲಜನಕ ಬೇಡುತ್ತದೆ. ಹುಷಾರಾಗಿ ಬಿಟ್ಟರೂ ಆಮೇಲೆ ಸಾಯಬಹುದು.

ಹಳೆಗಾಳ
ಅತಿಯಾಯಿತು. ಗೆಂಡೆ ಆಮ್ಲಜನಕವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ, ಮೈಯೊಳಗೆ ಮದ್ಯ ತಯಾರಿಸಿಕೊಂಡು. ಎಲ್ಲೋ ಓದಿದ್ದೇನೆ. ಅಂಥ ಮೀನು ಒಂದು ಬೆಳಗಿನ ಜಾವಕ್ಕೆ ಹೆದರುತ್ತದೆಯೇ?

ಈಜುರೆಕ್ಕೆ
ಓದಿದ್ದು ನಿಜ, ಮೀನು ಬೇರೆ. ಅದು ಕ್ರೂಷಿಯನ್ ಕಾರ್ಪ್ ಮತ್ತು ಅದರ ಸಂಬಂಧಿ ಗೋಲ್ಡ್‌ಫಿಶ್. ಚಳಿಗಾಲದಲ್ಲಿ ಕೆರೆಯ ಮೇಲೆ ಹಿಮ ಕಟ್ಟಿದಾಗ ಅವು ಮೈಯಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲವನ್ನು ಎಥನಾಲ್ ಆಗಿ ಬದಲಿಸಿ ಕಿವಿರಿನ ಮೂಲಕ ಹೊರಗೆ ಹಾಕುತ್ತವೆ. ಆಸ್ಲೊ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಇದರ ಹಿಂದಿನ ಕಿಣ್ವವನ್ನು ವಿವರಿಸಿದರು. ಅಂಥ ಸ್ಥಿತಿಯಲ್ಲಿ ಕ್ರೂಷಿಯನ್ ಕಾರ್ಪ್‌ನ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರುತ್ತದೆ. ಹಲವು ದೇಶಗಳಲ್ಲಿ ಅಷ್ಟಿದ್ದರೆ ವಾಹನ ಓಡಿಸುವಂತಿಲ್ಲ! ಆದರೆ ಅದೆಲ್ಲ ಕೊರೆಯುವ ನೀರಿನ ಮಾತು. ಸೆಕೆಯ ನೀರಿನಲ್ಲಿರುವ ಸಾಮಾನ್ಯ ಗೆಂಡೆಗೆ ಆ ಅನುಕೂಲವಿಲ್ಲ.

ನೀರುಕಾಗೆ
ಸರಿಯಾಗಿ ಹೇಳಿದಿರಿ. ಅದೇ ಕೆರೆಯಲ್ಲಿ ಕೊರವ ಮೀನಿದ್ದರೆ ಅದರ ಮಾತು ಬೇರೆ. ಅದು ಗಾಳಿಯನ್ನೇ ಉಸಿರಾಡುತ್ತದೆ, ಮೇಲೆ ಬರಲು ಬಿಡದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಆಮ್ಲಜನಕ ಇಳಿದ ಬೆಳಗಿನಲ್ಲಿಯೂ ಅದು ಬೇಟೆಯಾಡಬಲ್ಲದು.

ಸೀಸದಗುಂಡು
ಎಲ್ಲ ಸರಿ, ಆದರೂ ಫ್ಲೋರೋಕಾರ್ಬನ್ ಕಟ್ಟಿದ್ದರೆ...

ನೀರುಕಾಗೆ
ಬೆರಳೇ ಕಾಣದ ನೀರಿನಲ್ಲಿ ದಾರ ಕಾಣುತ್ತದೆಯೇ? ಬೆಂಡುನೋಟ ಅವರೇ, ಬಿಳಿಯ ತಟ್ಟೆಯೊಂದಕ್ಕೆ ಭಾರ ಕಟ್ಟಿ, ಹುರಿಯಲ್ಲಿ ನೀರಿಗೆ ಇಳಿಸಿ. ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ನೋಡಿ. ಸೆಕ್ಕಿ ಎಂಬ ಇಟಲಿಯ ಪಾದ್ರಿ 1865ರಲ್ಲಿ ಸಮುದ್ರದ ತಿಳಿಯನ್ನು ಅಳೆದದ್ದು ಹೀಗೆಯೇ. ಪಾಚಿಯಿಂದ ಹಸಿರಾದ ಕೊಳದಲ್ಲಿ 30 ಸೆಂಟಿಮೀಟರಿಗಿಂತ ಮೊದಲೇ ಮರೆಯಾದರೆ ಬೆಳಗಿನ ಜಾವದ ಆಮ್ಲಜನಕದ ಮೇಲೆ ಭರವಸೆ ಬೇಡ. ಬೆಳಿಗ್ಗೆ ಮಲಗಿಕೊಳ್ಳಿ. ಇಳಿಹೊತ್ತಿಗೆ ಹೋಗಿ, ಹಗಲಿಡೀ ಸೇರಿದ ಆಮ್ಲಜನಕ ಆಗ ಹೆಚ್ಚಿರುತ್ತದೆ. ಗಾಳಿ ಬೀಸುತ್ತಿದ್ದರೆ ಅಲೆ ಬಂದು ಬಡಿಯುವ ದಂಡೆಯಲ್ಲಿ ಕುಳಿತುಕೊಳ್ಳಿ. ನೀರು ಒಳಬರುವ ಕಾಲುವೆಯ ಬಾಯಿ ಇನ್ನೂ ಒಳ್ಳೆಯದು. ಎರೆ ಸಣ್ಣದಿರಲಿ, ಗಾಳದಲ್ಲಿರುವಷ್ಟೇ ಸಾಕು.

ಬೆಂಡುನೋಟ
ನಿನ್ನೆ ಇಳಿಹೊತ್ತಿಗೆ ಹೋಗಿದ್ದೆ. ಮೋಡ ಸರಿದು ಮಧ್ಯಾಹ್ನವೆಲ್ಲ ಬಿಸಿಲಿತ್ತು, ಆಮೇಲೆ ಗಾಳಿಯೂ ಎದ್ದಿತು. ಅಲೆ ಬಡಿಯುವ ಕಡೆ ಕುಳಿತೆ. ಬೆಂಡು ಮುಳುಗಿತು! ತಿಲಾಪಿಯಾ ಮೊದಲು, ಕತ್ತಲಾಗುವ ಮುಂಚೆ ಒಳ್ಳೆಯ ಗೆಂಡೆ. ಎದುರು ದಂಡೆಯಲ್ಲಿ ಕುಳಿತಿದ್ದವರಿಗೆ ಏನೂ ಸಿಗಲಿಲ್ಲ. ಈ ಹೊತ್ತು, ಬಣ್ಣಗಳನ್ನು ಮೊದಲ ದಿನವೇ ಎಲ್ಲರೂ ಒತ್ತಿ ಕೇಳಿದ್ದರೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ. ಈಗ ಹೊಸ ಕಾಟ: ಎರಡನೆಯ ಗೆಂಡೆ ಜಗ್ಗಿದಾಗ ಬ್ರೇಡ್‌ಗೂ ಲೀಡರಿಗೂ ನಡುವಿನ ಗಂಟು ಜಾರಿ ಬಿಚ್ಚಿಕೊಂಡಿತು. ತುಂಡಾಗಿಲ್ಲ, ಜಾರಿದೆ.

ಪಾದರಸ
ನಿನ್ನೆ ಸಂಜೆ ವಾಯುಭಾರ 1011ಕ್ಕೆ ಏರಿತ್ತು. ಸುಮ್ಮನೆ ದಾಖಲೆಗಾಗಿ ಹೇಳುತ್ತಿದ್ದೇನೆ.

ಈಜುರೆಕ್ಕೆ
ಐದು ಸೆಂಟಿಮೀಟರ್.

ಸೀಸದಗುಂಡು
ಕೊನೆಗೂ ನನ್ನ ವಿಷಯಕ್ಕೆ ಬಂದಿರಿ. ಬ್ರೇಡ್ ಪಾಲಿಎಥಿಲೀನ್ ಎಳೆಗಳದ್ದು, ನುಣುಪು, ನೈಲಾನ್‌ಗೆ ಹಾಕುವ ಸುತ್ತು ಅದಕ್ಕೆ ಸಾಲದು. ಡಬಲ್ ಯೂನಿ ಗಂಟು ಹಾಕಿ, ಬ್ರೇಡ್ ಕಡೆ ನೈಲಾನ್ ಕಡೆಗಿಂತ ಹೆಚ್ಚು ಸುತ್ತು ಕೊಡಿ. ಬಿಗಿಯುವ ಮೊದಲು ಒದ್ದೆ ಮಾಡಿ. ಒಣಗಂಟನ್ನು ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಶಕ್ತಿ ಕಳೆದುಕೊಳ್ಳುತ್ತದೆ. ಗಾಳವನ್ನು ನೇರವಾಗಿ ಬ್ರೇಡ್‌ಗೆ ಕಟ್ಟುವಾಗ ಪಾಲೋಮರ್ ಗಂಟು.

ಹಳೆಗಾಳ
ಡಬಲ್ ಯೂನಿ ದಪ್ಪ ಗಂಟು, ಕೋಲಿನ ಬಳೆಗಳಿಗೆ ಬಡಿಯುತ್ತದೆ. ಎಫ್‌ಜಿ ಗಂಟನ್ನು ಕಲಿಯದವರು ಬ್ರೇಡ್ ಮುಟ್ಟಬಾರದು.

ಸೀಸದಗುಂಡು
ಎಫ್‌ಜಿ ಒಳ್ಳೆಯದೇ. ಕತ್ತಲಲ್ಲಿ, ಗಾಳಿಯಲ್ಲಿ, ಒದ್ದೆ ಕೈಯಲ್ಲಿ ಕಟ್ಟಿ ತೋರಿಸಿ.

ಹಳೆಗಾಳ
ಕಟ್ಟುತ್ತೇನೆ. ನನ್ನ ಬಳಿ ತಲೆಗೆ ಕಟ್ಟುವ ದೀಪವಿದೆ, ಕೆಂಪು ಬೆಳಕೂ ಇದೆ, ಚಾರ್ಜ್ ಮಾಡುವಂಥದ್ದು.

ನೀರುಕಾಗೆ
ಗಂಟಿನ ಜಗಳಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ. ದಯವಿಟ್ಟು ಇಬ್ಬರೂ ಅಲ್ಲಿಗೆ ಹೋಗಿ.

ಪಾದರಸ
ವಾಯುಭಾರಕ್ಕೂ ಒಂದು ತೆರೆಯಿರಿ.