ಏಳನೇ ಸ್ಥಾನದಿಂದ ಕಪ್: ಚಿಕ್ಕಪ್ಪನವರ ಪ್ರಶ್ನೆಗೆ ಉತ್ತರ

ಚಿಕ್ಕಪ್ಪ, ನಮಸ್ಕಾರ. ನಿನ್ನೆ ಮಗ ಗುಂಪಿನಲ್ಲಿ ಹಾಕಿದ ಫೋಟೋದಲ್ಲಿ ಅವನ ಕೊರಳಿಗೆ ಸುತ್ತಿದ್ದ ಕೆಂಪು, ಬಿಳಿ, ನೀಲಿ ಮಫ್ಲರ್ ಯಾವ ತಂಡದ್ದೆಂದು ನೀವು ಕೇಳಿದಿರಿ. ಅದು ವೆಸ್ಟರ್ನ್ ಬುಲ್‌ಡಾಗ್ಸ್ ತಂಡದ್ದು, 2016ರಲ್ಲಿ ಏಳನೇ ಸ್ಥಾನದಿಂದ ಬಂದು ಕಪ್ ಗೆದ್ದವರು ಎಂದು ಅವನು ಹೆಮ್ಮೆಯಿಂದ ಬರೆದ. ಅದಕ್ಕೆ ನೀವು, "ಏಳನೆಯವನಿಗೇ ಕಪ್ ಕೊಡುವುದಾದರೆ ಅಷ್ಟು ತಿಂಗಳು ಲೀಗ್ ಆಡಿಸುವುದಾದರೂ ಯಾಕೆ?" ಎಂದು ಕೇಳಿ ನಕ್ಕಿರಿ. ಅವನು ಇನ್ನೂ ಚಿಕ್ಕವನು, ನಿಮಗೆ ಎದುರುತ್ತರ ಕೊಡಲಾರದೆ ಸುಮ್ಮನಾದ. ಆದ್ದರಿಂದ ಉತ್ತರವನ್ನು ನಾನೇ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಂಜೆಯ ಕಾಫಿಯ ಹೊತ್ತಿಗೆ ಬಿಡುವಾಗಿ ಕೇಳಿಸಿಕೊಳ್ಳಿ.

ಮೊದಲು ಆಟದ ವಿಷಯ. ನೀವು ಡಿಸೆಂಬರ್‌ನಲ್ಲಿ ಬಾಕ್ಸಿಂಗ್ ಡೇ ಟೆಸ್ಟ್ ನೋಡಲು ಬೆಳಗಿನ ಜಾವಕ್ಕೆ ಎದ್ದು ಕುಳಿತುಕೊಳ್ಳುವ ಆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್ ಇದೆಯಲ್ಲ, ಚಳಿಗಾಲ ಬಂದರೆ ಅದು ಆಸ್ಟ್ರೇಲಿಯನ್ ರೂಲ್ಸ್ ಎಂಬ ಈ ಫುಟ್‌ಬಾಲಿನ ಮನೆ. ಈ ಆಟಕ್ಕೆ 1859ರಲ್ಲಿ ಮೆಲ್ಬರ್ನ್‌ನಲ್ಲಿ ನಿಯಮ ಬರೆದವರಲ್ಲಿ ಮುಖ್ಯನಾದ ಟಾಮ್ ವಿಲ್ಸ್ ಸ್ವತಃ ಹೆಸರಾಂತ ಕ್ರಿಕೆಟಿಗ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು ಎಂಬುದು ಅವನ ಉದ್ದೇಶವಾಗಿತ್ತು. ಇಂದಿಗೂ ಇದನ್ನು ಆಡುವುದು ಕ್ರಿಕೆಟ್ ಮೈದಾನದಂತಹ ಅಂಡಾಕಾರದ ಅಂಗಳದಲ್ಲೇ. ಒಂದೊಂದು ತಂಡದಿಂದ ಏಕಕಾಲಕ್ಕೆ 18 ಜನ ಅಂಗಳದಲ್ಲಿರುತ್ತಾರೆ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿವೆ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದು ದಾಟಿಸಿದರೆ ಗೋಲು, ಅದಕ್ಕೆ 6 ಪಾಯಿಂಟ್. ಪಕ್ಕದ ಕಂಬಗಳ ಸಂದಿಯಲ್ಲಿ ಹೋದರೆ ಬಿಹೈಂಡ್, ಅದಕ್ಕೆ 1 ಪಾಯಿಂಟ್ ಮಾತ್ರ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಈಗ ನಿಮ್ಮ ಆಕ್ಷೇಪಣೆಗೆ ಬರುತ್ತೇನೆ. ಏಳನೇ ಸ್ಥಾನ ಎಂದ ಕೂಡಲೇ ಅಂಕಪಟ್ಟಿಯ ಬಾಲದ ತಂಡ ಎಂದು ನೀವು ಭಾವಿಸಿದಿರಿ. ಆದರೆ ಆ ವರ್ಷದ ಅಂಕಪಟ್ಟಿಯನ್ನೇ ಒಮ್ಮೆ ನೋಡಿ. ಲೀಗಿನಲ್ಲಿ 18 ತಂಡಗಳಿದ್ದವು, ಪ್ರತಿಯೊಂದಕ್ಕೂ 22 ಪಂದ್ಯಗಳಿದ್ದವು. ಮೊದಲ ಸ್ಥಾನದ ಸಿಡ್ನಿ ಸ್ವಾನ್ಸ್ ಗೆದ್ದದ್ದು 17. ಎರಡನೆಯ ಜೀಲಾಂಗ್ ಮತ್ತು ಮೂರನೆಯ ಹಾಥಾರ್ನ್ ಗೆದ್ದದ್ದೂ 17. ನಾಲ್ಕು, ಐದು, ಆರನೇ ಸ್ಥಾನದ ತಂಡಗಳು 16 ಗೆದ್ದಿದ್ದವು. ಏಳನೆಯ ಬುಲ್‌ಡಾಗ್ಸ್ 15 ಗೆದ್ದಿತ್ತು. ಅಂದರೆ ಐದು ತಿಂಗಳು ಹೋರಾಡಿದ ಮೇಲೆ ಮೊದಲನೆಯವರಿಗೂ ಏಳನೆಯವರಿಗೂ ಇದ್ದ ಅಂತರ ಬರೀ ಎರಡು ಗೆಲುವು. ಎಂಟನೆಯ ನಾರ್ತ್ ಮೆಲ್ಬರ್ನ್ ಗೆದ್ದದ್ದು 12 ಮಾತ್ರ, ನಿಜವಾದ ಕಂದಕ ಇದ್ದದ್ದು ಅಲ್ಲಿ. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಹಾಲಿ ಮತ್ತು ಮಾಜಿ ಆಟಗಾರರು ಸೇರಿ 34 ಜನ ಅಮಾನತಾಗಿ, ಸಿಕ್ಕವರನ್ನು ಸೇರಿಸಿಕೊಂಡು ಆಡಿದ ಎಸೆಂಡನ್ ತಂಡ 3 ಗೆಲುವಿನೊಂದಿಗೆ ಕಟ್ಟಕಡೆಗೆ ನಿಂತಿತ್ತು. ಬಾಲ ಎನ್ನಬೇಕಾದದ್ದು ಅದನ್ನು.

ಮೇಲಾಗಿ, ಆಗ ಮೊದಲ ಎಂಟು ತಂಡಗಳು ಫೈನಲ್ಸ್‌ಗೆ, ಅಂದರೆ ಕಪ್ ತೀರ್ಮಾನಿಸುವ ಕೊನೆಯ ಹಂತದ ಪಂದ್ಯಗಳಿಗೆ, ಹೋಗುತ್ತಿದ್ದವಾದರೂ ಎಲ್ಲರಿಗೂ ಒಂದೇ ಹಾದಿಯಿರಲಿಲ್ಲ. ಮೊದಲ ನಾಲ್ವರು ಆರಂಭದ ಪಂದ್ಯ ಸೋತರೂ ಇನ್ನೊಂದು ಅವಕಾಶ ಪಡೆಯುತ್ತಿದ್ದರು. ಐದರಿಂದ ಎಂಟರವರೆಗಿನವರಿಗೆ ಆ ರಿಯಾಯಿತಿ ಇರಲಿಲ್ಲ. ಒಂದು ಸೋತರೆ ಮನೆಗೆ. ಕಪ್ ಬೇಕಾದರೆ ನಾಲ್ಕು ಪಂದ್ಯಗಳನ್ನು ಸಾಲಾಗಿ ಗೆಲ್ಲಬೇಕಿತ್ತು. ಈ ಪದ್ಧತಿ ಬಂದ 2000ದಿಂದ 2015ರವರೆಗೆ ಮೊದಲ ನಾಲ್ಕರ ಹೊರಗಿನ ಒಂದು ತಂಡವೂ ಅದನ್ನು ಸಾಧಿಸಿರಲಿಲ್ಲ. ನಿಮಗೆ ಐಪಿಎಲ್ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ: ಅದೇ 2016ರ ಮೇ ತಿಂಗಳಲ್ಲಿ ಎಲಿಮಿನೇಟರ್ ಆಡಿ ಬಂದ ಹೈದರಾಬಾದ್ ತಂಡ ಚಿನ್ನಸ್ವಾಮಿ ಅಂಗಳದಲ್ಲಿ ನಮ್ಮ ಆರ್‌ಸಿಬಿಯನ್ನು 8 ರನ್‌ಗಳಿಂದ ಸೋಲಿಸಿತಲ್ಲ, ಆಗ ನೀವು ಹೈದರಾಬಾದನ್ನು ಬೈದಿರೇ ಹೊರತು ಲೀಗನ್ನು ಬೈಯಲಿಲ್ಲ. ಗಾಯದ ಮೇಲೆ ಉಪ್ಪು ಸುರಿದಿದ್ದರೆ ಕ್ಷಮಿಸಿ.

ಹಾಗೆಂದು ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹಿಂದಿನ ವರ್ಷ ಕೆಲವು ತಂಡಗಳು ಕೊನೆಯ ಸುತ್ತಿನಲ್ಲಿ ತಮ್ಮ ಪ್ರಮುಖ ಆಟಗಾರರನ್ನು ಒಟ್ಟೊಟ್ಟಿಗೆ ಕೂರಿಸಿ ವಿಶ್ರಾಂತಿ ಕೊಟ್ಟಿದ್ದರಿಂದ, 2016ರಲ್ಲಿ ಲೀಗಿನವರು ಮೊದಲ ಬಾರಿಗೆ ಫೈನಲ್ಸ್‌ಗೆ ಮುನ್ನ ಎಲ್ಲರಿಗೂ ಒಂದು ವಾರ ಬಿಡುವು ಕೊಟ್ಟರು. ಗಾಯಾಳುಗಳ ಪಟ್ಟಿ ಉದ್ದವಿದ್ದ ಬುಲ್‌ಡಾಗ್ಸ್‌ಗೆ ಇದು ವರವಾಯಿತು. ಈಸ್ಟನ್ ವುಡ್, ಟಾಮ್ ಲಿಬರಟೋರೆ, ಜ್ಯಾಕ್ ಮ್ಯಾಕ್ರೇ ಅಷ್ಟರಲ್ಲಿ ಚೇತರಿಸಿಕೊಂಡು ಮರಳಿದರು. ಆ ವಾರ ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲವೇನೋ. ಆದರೆ ಬಿಡುವು ಸಿಕ್ಕಿದ್ದು ಎಂಟೂ ತಂಡಗಳಿಗೆ. ಅದನ್ನು ಬಳಸಿಕೊಂಡದ್ದು ಒಂದು.

ಈ ತಂಡದ ಹಿನ್ನೆಲೆಯನ್ನೂ ಹೇಳಬೇಕು, ಇಲ್ಲವಾದರೆ ನಮ್ಮ ಬೀದಿಯವರು ಯಾಕೆ ಅತ್ತರು ಎಂಬುದು ನಿಮಗೆ ತಿಳಿಯುವುದಿಲ್ಲ. ನಾವಿರುವುದು ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲಿ. ಈಗ ಇಲ್ಲಿ ಭಾರತದಿಂದ ಬಂದ ಸಂಸಾರಗಳು ಸಾಲುಸಾಲಾಗಿವೆ, ಆದರೆ ಹಿಂದೆ ಇದು ಕಾರ್ಖಾನೆಗಳ, ಹಡಗುಕಟ್ಟೆಯ ಕೂಲಿಕಾರರ ಪ್ರದೇಶ. ಈ ಕ್ಲಬ್ಬಿನ ಮೊದಲಿನ ಹೆಸರು ಫುಟ್ಸ್‌ಕ್ರೇ. ಇಲ್ಲಿನ ಒಂದು ಬಡಾವಣೆಯ ಹೆಸರೇ ಅದು. 2016ಕ್ಕೆ ಮುನ್ನ ಲೀಗಿನ ಕಪ್ಪನ್ನು ಅವರು ಗೆದ್ದದ್ದು ಒಂದೇ ಒಂದು ಸಲ, 1954ರಲ್ಲಿ. ಗ್ರ್ಯಾಂಡ್ ಫೈನಲ್, ಅಂದರೆ ಕಪ್ಪಿನ ಕಟ್ಟಕಡೆಯ ಪಂದ್ಯ, ಮುಟ್ಟಿದ್ದು ಮತ್ತೊಮ್ಮೆ 1961ರಲ್ಲಿ, ಹಾಥಾರ್ನ್ ಎದುರು ಸೋತರು. ಆಮೇಲೆ ಏಳು ಸಲ ಅದರ ಹಿಂದಿನ ಮೆಟ್ಟಿಲವರೆಗೆ ಬಂದು ಸೋತಿದ್ದರು. 1997ರಲ್ಲಂತೂ ಬರೀ 2 ಪಾಯಿಂಟ್‌ಗಳಿಂದ. 1989ರಲ್ಲಿ ಸಾಲ ಹೆಚ್ಚಾಗಿ, ಕ್ಲಬ್ಬನ್ನು ಫಿಟ್ಜ್‌ರಾಯ್ ತಂಡದೊಂದಿಗೆ ವಿಲೀನ ಮಾಡುವ ನಿರ್ಧಾರವೇ ಹೊರಬಿದ್ದಿತ್ತು. ಆಗ ಪೀಟರ್ ಗಾರ್ಡನ್ ಎಂಬ ಯುವ ವಕೀಲರ ಮುಂದಾಳುತನದಲ್ಲಿ ಅಭಿಮಾನಿಗಳು ಮನೆಮನೆಗೆ ಹೋಗಿ, ಡಬ್ಬಿ ಹಿಡಿದು ಚಂದಾ ಎತ್ತಿ ತಂಡವನ್ನು ಉಳಿಸಿಕೊಂಡರು. 2016ರಲ್ಲಿ ಕ್ಲಬ್ಬಿನ ಅಧ್ಯಕ್ಷರಾಗಿದ್ದವರು ಅದೇ ಗಾರ್ಡನ್. ನಮ್ಮ ಪಕ್ಕದ ಮನೆಯ ಅಜ್ಜಿ ಆ ಡಬ್ಬಿಗೆ ಕಾಸು ಹಾಕಿದವರು. 1954ರ ಗೆಲುವನ್ನು ಹನ್ನೊಂದು ವರ್ಷದವರಿದ್ದಾಗ ರೇಡಿಯೋದಲ್ಲಿ ಕೇಳಿದ್ದರಂತೆ. ಮಗನ ಕೊರಳಲ್ಲಿರುವ ಮಫ್ಲರ್ ಅವರು ಹೆಣೆದು ಕೊಟ್ಟದ್ದು.

ಇನ್ನೂ ಹತ್ತಿರದ ಸಂಗತಿಯೊಂದಿದೆ. 2014ರಲ್ಲಿ ತಂಡ ಹದಿನಾಲ್ಕನೇ ಸ್ಥಾನಕ್ಕೆ ಇಳಿದಿತ್ತು. ವರ್ಷ ಮುಗಿಯುತ್ತಿದ್ದಂತೆ ನಾಯಕ ರಯಾನ್ ಗ್ರಿಫೆನ್ ತಾನು ಗ್ರೇಟರ್ ವೆಸ್ಟರ್ನ್ ಸಿಡ್ನಿ ತಂಡಕ್ಕೆ ಹೋಗುತ್ತೇನೆಂದು ಕುಳಿತ. ಕೋಚ್ ಕೂಡ ಹುದ್ದೆ ಬಿಟ್ಟರು. ಗ್ರಿಫೆನ್‌ಗೆ ಬದಲಾಗಿ ಬಂದವನು 19 ವರ್ಷದ ಟಾಮ್ ಬಾಯ್ಡ್, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಹಿಂದಿನ ವರ್ಷ ಎಲ್ಲರಿಗಿಂತ ಮೊದಲು ಆಯ್ಕೆಯಾದ ಹುಡುಗ. ಏಳು ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು. ಅವನು ಒಂದು ಚೆಂಡು ಕೈಬಿಟ್ಟರೂ ಜನ ಆ ಮೊತ್ತವನ್ನೇ ಎತ್ತಿ ಆಡುತ್ತಿದ್ದರು. ಹೊಸ ಕೋಚ್ ಆಗಿ ಲ್ಯೂಕ್ ಬೆವರಿಜ್, ನಾಯಕನಾಗಿ ಹಳೆಯ ಆಟಗಾರ ಬಾಬ್ ಮರ್ಫಿ ಬಂದರು. ತಂಡ ಚಿಗುರಿತು. ಆದರೆ 2016ರ ಮೂರನೇ ಸುತ್ತಿನಲ್ಲೇ, ಹಾಥಾರ್ನ್ ಎದುರು 3 ಪಾಯಿಂಟ್‌ಗಳಿಂದ ಸೋತ ಪಂದ್ಯದ ಕೊನೆಯ ಗಳಿಗೆಯಲ್ಲಿ, ಮರ್ಫಿಯ ಮೊಣಕಾಲಿನ ಲಿಗಮೆಂಟ್ ಹರಿದು ಅವನ ಆ ವರ್ಷ ಅಲ್ಲಿಗೇ ಮುಗಿಯಿತು.

ಸೆಪ್ಟೆಂಬರ್ 8ರ ಗುರುವಾರ ರಾತ್ರಿ ಪರ್ತ್‌ನಲ್ಲಿ ವೆಸ್ಟ್ ಕೋಸ್ಟ್ ತಂಡವನ್ನು ಎದುರಿಸಲು ಹೋದಾಗ ಇವರ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಗೆದ್ದದ್ದು 47 ಪಾಯಿಂಟ್‌ಗಳಿಂದ. ಮುಂದಿನ ವಾರ ಸತತ ಮೂರು ವರ್ಷ ಕಪ್ ಎತ್ತಿದ್ದ ಹಾಥಾರ್ನ್. ಅವರನ್ನು 23 ಪಾಯಿಂಟ್‌ಗಳಿಂದ ಮನೆಗೆ ಕಳುಹಿಸಿದರು. ಮೂರನೆಯದು ಸಿಡ್ನಿಯ ಪಶ್ಚಿಮದಲ್ಲಿ, ಅದೇ ಗ್ರಿಫೆನ್ ಸೇರಿದ್ದ ತಂಡದ ಎದುರು. ನನ್ನ ಅಭಿಪ್ರಾಯ ಕೇಳಿದರೆ ಇಡೀ ವರ್ಷದ ಅತ್ಯುತ್ತಮ ಪಂದ್ಯ ಅದೇ, ಗ್ರ್ಯಾಂಡ್ ಫೈನಲ್ ಅಲ್ಲ. ಕೊನೆಯವರೆಗೂ ಯಾರ ಕೈ ಮೇಲು ಎಂದು ಹೇಳಲಾಗದೆ, 89ಕ್ಕೆ 83ರಂತೆ ಕೇವಲ ಒಂದು ಗೋಲಿನ ಅಂತರದಲ್ಲಿ ಮುಗಿಯಿತು. ಅಜ್ಜಿ ಕೊನೆಯ ಐದು ನಿಮಿಷ ಟಿವಿ ನೋಡಲಾರದೆ ಹಿತ್ತಲಿಗೆ ಹೋಗಿ ನಿಂತರು. ನಾನು ಕಿಟಕಿಯಿಂದ ಸ್ಕೋರು ಕೂಗುತ್ತಿದ್ದೆ.

ಗ್ರ್ಯಾಂಡ್ ಫೈನಲ್ ಸಿಡ್ನಿ ಸ್ವಾನ್ಸ್ ಎದುರು ಅಕ್ಟೋಬರ್ 1ರ ಶನಿವಾರ ಮಧ್ಯಾಹ್ನ ನಡೆಯಿತು. ಹಿಂದಿನ ದಿನ ಶುಕ್ರವಾರ ಇಲ್ಲಿ ಸರ್ಕಾರಿ ರಜೆ, ಎರಡೂ ತಂಡಗಳ ಮೆರವಣಿಗೆ. ನಮ್ಮಲ್ಲಿ ಜಂಬೂಸವಾರಿಗೆ ಸೇರುವಂತೆ ಜನ ಬೀದಿಬದಿಯಲ್ಲಿ ಸೇರುತ್ತಾರೆ. ಪಂದ್ಯಕ್ಕೆ ಕ್ರೀಡಾಂಗಣದಲ್ಲಿದ್ದವರು 99,981 ಜನ. ಮೂರನೇ ಕ್ವಾರ್ಟರ್ ಮುಗಿದಾಗ ಬುಲ್‌ಡಾಗ್ಸ್ 61, ಸಿಡ್ನಿ 53. ಎಂಟು ಪಾಯಿಂಟ್ ಎಂದರೆ ಈ ಆಟದಲ್ಲಿ ಎರಡು ಒದೆತ, ಅಷ್ಟೇ. ಕೊನೆಯ ಕ್ವಾರ್ಟರ್‌ನಲ್ಲಿ ಸಿಡ್ನಿಯ ದೊಡ್ಡ ಹೆಸರು ಲ್ಯಾನ್ಸ್ ಫ್ರ್ಯಾಂಕ್ಲಿನ್ ಚೆಂಡು ಹಿಡಿದು ತಿರುಗುವಷ್ಟರಲ್ಲಿ, ಬೆನ್ನೆಲುಬಿನಲ್ಲಿ ಬಿರುಕು ಬಿಟ್ಟಿದ್ದರೂ ಆಡುತ್ತಿದ್ದ ಡೇಲ್ ಮಾರಿಸ್ ಹಿಂದಿನಿಂದ ಬಂದು ಅವನನ್ನು ಕೆಡವಿದ. ಚೆಂಡು ಜಾರಿ ಸಿಕ್ಕಿದ್ದು ಬಾಯ್ಡ್‌ಗೆ. ಗೋಲಿಗೆ ಇನ್ನೂ 60 ಮೀಟರಿಗಿಂತ ಹೆಚ್ಚು ದೂರವಿತ್ತು. ಅವನು ಬೇರೆ ಯಾರಿಗೂ ಕೊಡದೆ ಒದ್ದೇಬಿಟ್ಟ. ಗೋಲಿನ ಮುಂದೆ ಕಾಯುವವರು ಯಾರೂ ಇರಲಿಲ್ಲ, ಚೆಂಡು ನೆಲಕ್ಕೆ ಬಿದ್ದು ಪುಟಿದು ನಡುವಿನ ಕಂಬಗಳ ಮಧ್ಯೆ ನುಗ್ಗಿತು. ಅದು ಅವನ ಮೂರನೇ ಗೋಲು. 70 ಲಕ್ಷದ ಮಾತನ್ನು ಅಲ್ಲಿಂದಾಚೆಗೆ ನಮ್ಮ ಬೀದಿಯಲ್ಲಿ ಯಾರೂ ಎತ್ತಲಿಲ್ಲ. ಲಿಯಾಮ್ ಪಿಕೆನ್ ಕೂಡ ಮೂರು ಗೋಲು ಹೊಡೆದ. ಹಿಂಬದಿಯಿಂದ ಓಡಿ ಓಡಿ ಚೆಂಡು ತಂದ ಜೇಸನ್ ಜೊಹಾನಿಸನ್‌ಗೆ ಪಂದ್ಯಶ್ರೇಷ್ಠನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಬಂದಿತು. ಕಡೆಗೆ 89ಕ್ಕೆ 67. ಗೆಲುವು 22 ಪಾಯಿಂಟ್‌ಗಳದ್ದು, 62 ವರ್ಷಗಳ ಮೇಲೆ.

ಸಿಡ್ನಿ ಅಭಿಮಾನಿಗಳನ್ನು ಕೇಳಿದರೆ ಬೇರೆ ಮಾತು ಹೇಳುತ್ತಾರೆ. ಆ ದಿನ ಅಂಪೈರ್‌ಗಳು ಕೊಟ್ಟ ಫ್ರೀ ಕಿಕ್‌ಗಳಲ್ಲಿ ಬುಲ್‌ಡಾಗ್ಸ್‌ಗೆ 20, ಸಿಡ್ನಿಗೆ 8. ನನ್ನ ಆಫೀಸಿನಲ್ಲಿ ಸಿಡ್ನಿಯವರೊಬ್ಬರು ಈಗಲೂ ನನ್ನನ್ನು ಕಂಡರೆ ಇಪ್ಪತ್ತು-ಎಂಟು ಎಂದು ಬೆರಳು ತೋರಿಸುತ್ತಾರೆ. ಒಂದೆರಡು ತೀರ್ಪು ತಪ್ಪಿದ್ದವು ಎಂದು ನಾನೂ ಒಪ್ಪುತ್ತೇನೆ. ಆದರೆ ಕೊನೆಯ ಕ್ವಾರ್ಟರ್‌ನಲ್ಲಿ ಚೆಂಡಿನ ಹಿಂದೆ ಹೆಚ್ಚು ಓಡಿದವರು ಯಾರೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಪದಕ ಪ್ರದಾನದ ಹೊತ್ತಿನಲ್ಲಿ ನಡೆದದ್ದನ್ನು ಮಾತ್ರ ನೀವು ತಪ್ಪದೆ ನೋಡಬೇಕು. ಗೆದ್ದ ತಂಡದ ಕೋಚ್‌ಗೂ ಒಂದು ಪದಕವಿದೆ, ಜಾಕ್ ಮೆಕ್‌ಹೇಲ್ ಪದಕ ಎಂದು. ಬೆವರಿಜ್ ಅದನ್ನು ಪಡೆದುಕೊಂಡು, ಅಂಗಳದ ಬದಿಯಲ್ಲಿ ನಿಂತು ನೋಡುತ್ತಿದ್ದ ಮರ್ಫಿಯನ್ನು ವೇದಿಕೆಗೆ ಕರೆದರು. ತಮ್ಮ ಕೊರಳಿನಿಂದ ತೆಗೆದು ಅವನ ಕೊರಳಿಗೆ ಹಾಕಿದರು. ಮರ್ಫಿ 300ಕ್ಕೂ ಹೆಚ್ಚು ಪಂದ್ಯ ಆಡಿ ಮುಂದಿನ ವರ್ಷ ನಿವೃತ್ತನಾದ. ಗ್ರ್ಯಾಂಡ್ ಫೈನಲ್ ಅಂಗಳದಲ್ಲಿ ಆಡುವ ಭಾಗ್ಯ ಅವನಿಗೆ ಕೊನೆಗೂ ಬರಲಿಲ್ಲ. ಅಜ್ಜಿ ಅತ್ತದ್ದು ಕಪ್ ಕೈಗೆ ಬಂದಾಗಲ್ಲ, ಆಗ.

ಆ ಕೊನೆಯ ಕ್ವಾರ್ಟರ್ ಮತ್ತು ಪದಕದ ವಿಡಿಯೋ ಹುಡುಕಿ ಇಂದು ರಾತ್ರಿಯೇ ಗುಂಪಿಗೆ ಹಾಕುತ್ತೇನೆ. ಚಿಕ್ಕಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನೋಡಿದ ಮೇಲೆ ಉತ್ತರವನ್ನು ನನಗಲ್ಲ, ಮಗನಿಗೆ ಬರೆಯಿರಿ. ನಿನ್ನೆಯಿಂದ ಅವನು ಅದಕ್ಕಾಗಿಯೇ ಕಾಯುತ್ತಿದ್ದಾನೆ.